ಹಾಡು ರೇ ಅವರದು, ಬಿಡುಗಡೆಯ ತೀರ್ಮಾನ ಯಾರದು?

ಬ್ರಿಟನ್ನಿನ ಗಾಯಕಿ ಮತ್ತು ಗೀತರಚನೆಕಾರ್ತಿ ರೇ ಅವರಿಗೆ 2024ರ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ವರ್ಷದ ಹೊಸ ಕಲಾವಿದೆ ಎಂಬ ಗೌರವ ಸಿಕ್ಕಾಗ, ಅವರು ದೊಡ್ಡ ಕಂಪನಿಯೊಂದರ ಕರಾರಿಗೆ ಮೊದಲ ಸಲ ಸಹಿ ಹಾಕಿ ಒಂಬತ್ತು ವರ್ಷಗಳಿಗೂ ಹೆಚ್ಚಾಗಿತ್ತು. ದಕ್ಷಿಣ ಲಂಡನ್ನಿನ ಈ ಹುಡುಗಿ 2014ರಲ್ಲಿ, 17ರ ಹರೆಯದಲ್ಲಿ, ಯೂನಿವರ್ಸಲ್ ಸಂಗೀತ ಸಮೂಹದ ಪಾಲಿಡಾರ್ ಎಂಬ ಲೇಬಲ್ (ಧ್ವನಿಮುದ್ರಣ ಕಂಪನಿ) ಜೊತೆ ನಾಲ್ಕು ಆಲ್ಬಮ್‌ಗಳ ಒಪ್ಪಂದ ಮಾಡಿಕೊಂಡಿದ್ದರು. ಬರಲಿರುವ ಪ್ರತಿಭೆಗಳನ್ನು ಗುರುತಿಸುವ ಬಿಬಿಸಿಯ ವಾರ್ಷಿಕ ಪಟ್ಟಿಯಲ್ಲಿ 2017ರಲ್ಲೇ ಅವರಿಗೆ ಮೂರನೆಯ ಸ್ಥಾನ ದೊರೆತಿತ್ತು. ಡಿಜೆ ಜಾಕ್ಸ್ ಜೋನ್ಸ್ ಜೊತೆಗೆ ಹಾಡಿದ ನೃತ್ಯಗೀತೆಯೊಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನ ತಲುಪಿದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಇಷ್ಟೆಲ್ಲ ಆದ ಮೇಲೂ 2024ರಲ್ಲಿ ಅವರನ್ನು ಹೊಸಬರೆಂದು ಕರೆಯಲು ಸಾಧ್ಯವಾದದ್ದು ಒಂದೇ ಕಾರಣಕ್ಕೆ: ಅವರ ಮೊದಲ ಪೂರ್ಣ ಆಲ್ಬಮ್ ಹೊರಬಂದದ್ದು 2023ರ ಫೆಬ್ರವರಿ 3ರಂದು, ಅದೂ ಆ ಲೇಬಲ್‌ನಿಂದ ಹೊರಬಿದ್ದ ಮೇಲೆ, ಅವರದೇ ಹೊಣೆಗಾರಿಕೆಯಲ್ಲಿ.

‘ಮೈ 21ಸ್ಟ್ ಸೆಂಚುರಿ ಬ್ಲೂಸ್’ ಎಂಬ ಆ ಆಲ್ಬಮ್ ಮತ್ತು ಅದಕ್ಕೆ ಸಿಕ್ಕ ಸ್ವಾಗತದ ಬಗ್ಗೆ ಬಂದಿರುವ ಬರಹಗಳಲ್ಲಿ ಬಹುಪಾಲು ಒಂದೇ ಕಥೆಯನ್ನು ಹೇಳುತ್ತವೆ. ದೊಡ್ಡ ಕಂಪನಿ ತುಳಿಯಿತು, ಕಲಾವಿದೆ ಎದುರು ನಿಂತರು, ಕೊನೆಗೆ ಗೆದ್ದರು ಎಂಬ ಆ ಕಥೆ ಸುಳ್ಳಲ್ಲ. ಆದರೆ ಅದು ಸರಳವಾಗಿರುವಷ್ಟೇ ಅಪೂರ್ಣವಾಗಿದೆ. ಸ್ವತಂತ್ರವಾಗಿ ಆಲ್ಬಮ್ ಮಾಡುವುದು ಎಂದರೆ ಒಂಟಿಯಾಗಿ ಮಾಡುವುದು ಎಂದಾಗಲಿ, ಲೇಬಲ್ ಇಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದಾಗಲಿ ಈ ಪ್ರಕರಣದಿಂದ ಸಾಬೀತಾಗುವುದಿಲ್ಲ. ಇದರಲ್ಲಿ ಸ್ಪಷ್ಟವಾಗಿ ಕಾಣುವುದು ಬೇರೊಂದು ಸಂಗತಿ: ಹಾಡು ಬರೆಯುವ ಸಾಮರ್ಥ್ಯ, ಅದನ್ನು ಧ್ವನಿಮುದ್ರಿಸುವ ಹಣ ಮತ್ತು ಅದು ಯಾವಾಗ ಹೊರಬರಬೇಕೆಂದು ತೀರ್ಮಾನಿಸುವ ಅಧಿಕಾರ ಎಂಬ ಮೂರೂ ಬೇರೆ ಬೇರೆ ವಿಷಯಗಳು, ರೇ ಅವರಿಗೆ ಏಳು ವರ್ಷ ಇಲ್ಲದೇ ಹೋದದ್ದು ಮೂರನೆಯದು ಮಾತ್ರ.

ಕರಾರು ಎಂಬುದು ಹೊರಗಿನವರಿಗೆ ಭದ್ರತೆಯಂತೆ ಕಾಣುತ್ತದೆ. ನಾಲ್ಕು ಆಲ್ಬಮ್‌ಗಳ ಒಪ್ಪಂದ ಎಂದಾಗ ನಾಲ್ಕು ಆಲ್ಬಮ್‌ಗಳನ್ನು ಹೊರತರುವ ಮಾತು ಕೊಟ್ಟಿದ್ದಾರೆ ಎಂದೇ ಕೇಳಿಸುತ್ತದೆ. ವಾಸ್ತವದಲ್ಲಿ ಇಂಥ ಕರಾರುಗಳು ಸಾಮಾನ್ಯವಾಗಿ ಕಟ್ಟಿಹಾಕುವುದು ಕಲಾವಿದರನ್ನು. ನಾಲ್ಕು ಆಲ್ಬಮ್ ಮುಗಿಯುವವರೆಗೆ ಅವರು ಬೇರೆ ಕಂಪನಿಗೆ ಹಾಡುವಂತಿಲ್ಲ. ಮುಂದಿನ ಆಲ್ಬಮ್ ಬೇಕೋ ಬೇಡವೋ ಎಂದು ಹೇಳುವ ಆಯ್ಕೆ ಮಾತ್ರ ಕಂಪನಿಯ ಕೈಯಲ್ಲಿರುತ್ತದೆ. ಅವಧಿಯನ್ನು ಎಣಿಸುವುದು ವರ್ಷಗಳ ಲೆಕ್ಕದಲ್ಲಲ್ಲ, ಒಪ್ಪಿಸಿದ ಆಲ್ಬಮ್‌ಗಳ ಲೆಕ್ಕದಲ್ಲಿ. ಹೀಗಾಗಿ ಮೊದಲ ಆಲ್ಬಮ್‌ಗೇ ಅನುಮತಿ ಸಿಗದೇ ಹೋದರೆ ಕಾಲ ಉರುಳುತ್ತದೆ, ಕರಾರು ನಿಂತಲ್ಲೇ ನಿಂತಿರುತ್ತದೆ. 17ರ ಹರೆಯದಲ್ಲಿ ಸಹಿ ಹಾಕಿದವರು 23 ದಾಟಿದರೂ ಒಪ್ಪಂದದ ಲೆಕ್ಕದಲ್ಲಿ ಮೊದಲ ಮೆಟ್ಟಿಲಿನಲ್ಲೇ ಇರುತ್ತಾರೆ.

ಈ ಏಳು ವರ್ಷ ರೇ ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಬಿಡಿ ಹಾಡುಗಳು ಬಂದವು, ಕಿರು ಸಂಕಲನಗಳು ಬಂದವು. 2020ರ ಕೊನೆಯಲ್ಲಿ ‘ಯೂಫೋರಿಕ್ ಸ್ಯಾಡ್ ಸಾಂಗ್ಸ್’ ಎಂಬ ಪುಟ್ಟ ಆಲ್ಬಮ್ ಕೂಡ ಬಂತು. ಡಿಜೆಗಳ ನೃತ್ಯಗೀತೆಗಳಿಗೆ ಅವರು ದನಿ ಕೊಟ್ಟರು. ಜೋಯೆಲ್ ಕೋರಿ ಮತ್ತು ಡೇವಿಡ್ ಗೆಟ್ಟಾ ಜೊತೆಗಿನ ‘ಬೆಡ್’ 2021ರಲ್ಲಿ ಬ್ರಿಟನ್ನಿನಲ್ಲಿ ಮೂರನೆಯ ಸ್ಥಾನ ಮುಟ್ಟಿತು. ಬೇರೆಯವರಿಗಾಗಿ ಬರೆದ ಹಾಡುಗಳ ಪೈಕಿ ಬಿಯಾನ್ಸೆ 2019ರಲ್ಲಿ ಹಾಡಿದ ‘ಬಿಗ್ಗರ್’ ಕೂಡ ಒಂದು. ಅದರ ಸಹರಚನೆಕಾರರಲ್ಲಿ ರೇ ಅವರ ಹೆಸರಿದೆ. ಅಂದರೆ ಉದ್ಯಮ ಅವರ ಸಾಮರ್ಥ್ಯವನ್ನು ಅನುಮಾನಿಸಿರಲಿಲ್ಲ. ಅವರ ದನಿಯೂ ಬೇಕಿತ್ತು, ಲೇಖನಿಯೂ ಬೇಕಿತ್ತು. ಅವೆರಡನ್ನೂ ಇನ್ನೊಬ್ಬರ ಹೆಸರಿನ ಕೆಳಗೆ ಇಡುವುದು ಹೆಚ್ಚು ಲಾಭದ್ದು ಎಂಬ ಲೆಕ್ಕಾಚಾರವಿತ್ತು. ನೃತ್ಯಗೀತೆ ಬೇಗ ಓಡುತ್ತದೆ, ಖರ್ಚು ಕಡಿಮೆ, ಅಪಾಯವೂ ಕಡಿಮೆ. ಆರ್ ಆ್ಯಂಡ್ ಬಿ, ಜಾಝ್, ಗಾಸ್ಪೆಲ್, ಹಿಪ್‌ಹಾಪ್ ಎಲ್ಲವನ್ನೂ ಒಂದೇ ಕಡೆ ತರಬೇಕೆನ್ನುವ ಯುವತಿಯ ಆಲ್ಬಮ್ ಯಾವ ಗಿರಾಕಿಗೆ ಎಂದು ಮಾರಾಟ ವಿಭಾಗಕ್ಕೆ ಹೇಳುವುದು ಕಷ್ಟ. ಕಂಪನಿಯ ಕಡೆಯಿಂದ ನೋಡಿದರೆ ಈ ಲೆಕ್ಕಾಚಾರ ಅರ್ಥವಾಗದ್ದೇನಲ್ಲ, ಮತ್ತು ಅದನ್ನು ದುಷ್ಟತನ ಎಂದು ಕರೆದು ಮುಗಿಸಿಬಿಟ್ಟರೆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ನಮ್ಮ ಕೈಗೆ ಸಿಗದೆ ಹೋಗುತ್ತದೆ.

2021ರ ಜೂನ್ ತಿಂಗಳ ಕೊನೆಯಲ್ಲಿ ರೇ ಸಾಮಾಜಿಕ ಜಾಲತಾಣದಲ್ಲಿ ಸರಣಿಯಾಗಿ ಬರೆದ ಮಾತುಗಳು ಈ ಮೌನವನ್ನು ಒಡೆದವು. 2014ರಿಂದ ನಾಲ್ಕು ಆಲ್ಬಮ್‌ಗಳ ಕರಾರಿನಲ್ಲಿದ್ದರೂ ಒಂದೇ ಒಂದು ಆಲ್ಬಮ್ ಹೊರತರಲು ತನಗೆ ಬಿಟ್ಟಿಲ್ಲ, ಮಾಡಿಟ್ಟ ಹಾಡುಗಳು ಫೋಲ್ಡರ್‌ಗಳಲ್ಲಿ ದೂಳು ಹಿಡಿಯುತ್ತಿವೆ ಎಂದು ಅವರು ನೇರವಾಗಿ ಹೇಳಿದರು. ಕೆಲವೇ ವಾರಗಳಲ್ಲಿ, ಜುಲೈನಲ್ಲಿ, ಪಾಲಿಡಾರ್ ಮತ್ತು ರೇ ಬೇರೆಯಾದರು. ಕಾಲದ ಹೊಂದಿಕೆಯನ್ನು ಇಲ್ಲಿ ಮರೆಯಬಾರದು. ಅದೇ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನ ಸಂಸ್ಕೃತಿ ಸಮಿತಿಯು ಸ್ಟ್ರೀಮಿಂಗ್ ಆದಾಯದ ಹಂಚಿಕೆಯನ್ನು ಬುಡದಿಂದ ಬದಲಿಸಬೇಕು ಎಂಬ ವರದಿ ಕೊಟ್ಟಿತ್ತು; ದೊಡ್ಡ ಲೇಬಲ್‌ಗಳು ಕಲಾವಿದರನ್ನು ನಡೆಸಿಕೊಳ್ಳುವ ರೀತಿ ಆ ತಿಂಗಳುಗಳಲ್ಲಿ ಅಲ್ಲಿ ಚರ್ಚೆಯ ವಿಷಯವಾಗಿತ್ತು. ಅಂಥ ಹೊತ್ತಿನಲ್ಲಿ ಜನಪ್ರಿಯ ಗಾಯಕಿಯೊಬ್ಬರನ್ನು ಒತ್ತಾಯದಿಂದ ಹಿಡಿದಿಟ್ಟುಕೊಂಡ ಕಂಪನಿ ಎಂಬ ಹೆಸರು ಯಾರಿಗೂ ಬೇಕಿರಲಿಲ್ಲ. ಇದೇ ಮಾತನ್ನು 2016ರಲ್ಲಿ, ಹೆಸರು ಗಟ್ಟಿಯಾಗುವ ಮೊದಲು ಹೇಳಿದ್ದರೆ ಬಾಗಿಲು ಇಷ್ಟು ಬೇಗ ತೆರೆಯುತ್ತಿತ್ತೇ ಎಂಬುದು ನನಗೆ ಅನುಮಾನ. ಬಿಡುಗಡೆ ಕೇಳುವ ಶಕ್ತಿಯೂ ಅವರಿಗೆ ಬಂದದ್ದು ಅದೇ ಲೇಬಲ್‌ನಲ್ಲಿದ್ದಾಗ ಗಳಿಸಿದ ಹೆಸರಿನಿಂದ.

ಹಣದ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಸ್ವತಂತ್ರ ಎಂಬ ಮಾತಿನ ತೂಕ ಇರುವುದೇ ಅಲ್ಲಿ. ಪ್ರತಿಯೊಂದು ಧ್ವನಿಮುದ್ರಿತ ಹಾಡಿನಲ್ಲಿ ಎರಡು ಹಕ್ಕುಗಳಿರುತ್ತವೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಒಂದು. ಅದನ್ನು ಹಾಡಿ ಮುದ್ರಿಸಿದ ಧ್ವನಿಯ ಹಕ್ಕು, ಅಂದರೆ ಉದ್ಯಮದವರು ಮಾಸ್ಟರ್ ಎನ್ನುವುದು, ಇನ್ನೊಂದು. ಸ್ಟ್ರೀಮಿಂಗ್‌ನಿಂದ ಬರುವ ಹಣದಲ್ಲಿ ದೊಡ್ಡ ಪಾಲು ಹೋಗುವುದು ಮಾಸ್ಟರ್ ಯಾರ ಬಳಿ ಇದೆಯೋ ಅವರಿಗೆ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ರಚನೆಯ ಹಕ್ಕಿಗೆ ಸಲ್ಲುವ ಪಾಲು 2008ರಲ್ಲಿ ಶೇ. 8 ಇದ್ದದ್ದು 2021ರ ಹೊತ್ತಿಗೆ ಶೇ. 15ಕ್ಕೆ ಏರಿತ್ತು, ದೊಡ್ಡ ಲೇಬಲ್‌ಗಳು ಕಲಾವಿದರಿಗೆ ಕೊಡುವ ಸರಾಸರಿ ರಾಯಲ್ಟಿ ದರ 2012ರಲ್ಲಿ ಶೇ. 19.7 ಇದ್ದದ್ದು 2021ರಲ್ಲಿ ಶೇ. 23.3 ಆಗಿತ್ತು. ಏರಿಕೆ ಇದೆ, ನಿಜ. ಆದರೆ ಧ್ವನಿಮುದ್ರಣದ ಆದಾಯದ ಪ್ರತಿ ನೂರು ರೂಪಾಯಿಯಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಕಂಪನಿಯ ಬಳಿಯೇ ಉಳಿಯುತ್ತದೆ ಎಂಬ ಸ್ಥಿತಿ ಬದಲಾಗಲಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು ಮುಂಗಡದ ವಸೂಲಾತಿ. ಕರಾರಿನ ವೇಳೆ ಕೊಟ್ಟ ಮುಂಗಡವನ್ನೂ ಧ್ವನಿಮುದ್ರಣದ ಖರ್ಚನ್ನೂ ಕಂಪನಿ ಕಲಾವಿದರ ಆ ಇಪ್ಪತ್ತಮೂರು ರೂಪಾಯಿಯಲ್ಲಿ ಮಾತ್ರ ಹಿಡಿದುಕೊಳ್ಳುತ್ತದೆ, ತನ್ನ ಎಪ್ಪತ್ತೇಳರಲ್ಲಿ ಅಲ್ಲ. ಹಾಗಾಗಿ ಕಂಪನಿ ಹಾಕಿದ ದುಡ್ಡು ವಾಪಸು ಬಂದು ಲಾಭ ಶುರುವಾದ ಎಷ್ಟೋ ಕಾಲದ ನಂತರವೂ ಕಲಾವಿದರ ಖಾತೆಯಲ್ಲಿ ಸಾಲವೇ ಕಾಣುತ್ತಿರುತ್ತದೆ. ನಮ್ಮ ಕಡೆಯ ಹಳೆಯ ಗೇಣಿ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ: ಒಕ್ಕಲು ತನ್ನ ಪಾಲಿನ ಭತ್ತದಲ್ಲೇ ಒಡೆಯನ ಸಾಲ ತೀರಿಸಬೇಕು, ತೀರಿಸಿದ ಮೇಲೂ ಗದ್ದೆ ಒಡೆಯನದೇ. ಇಲ್ಲಿ ಗದ್ದೆಯ ಸ್ಥಾನದಲ್ಲಿರುವುದು ಮಾಸ್ಟರ್.

ರೇ ಅವರ ಮುಂದಿನ ದಾರಿ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಅವರು ಹ್ಯೂಮನ್ ರಿಸೋರ್ಸಸ್ ಎಂಬ ವಿತರಣಾ ಸಂಸ್ಥೆಯ ಮೂಲಕ ಆಲ್ಬಮ್ ಹೊರತಂದರು. ವಿತರಕರು ಹಾಡುಗಳನ್ನು ಎಲ್ಲ ವೇದಿಕೆಗಳಿಗೆ ತಲುಪಿಸುತ್ತಾರೆ, ಪ್ರಚಾರಕ್ಕೂ ನೆರವಾಗುತ್ತಾರೆ, ಅದಕ್ಕಾಗಿ ಆದಾಯದ ಒಂದು ಪಾಲು ಪಡೆಯುತ್ತಾರೆ. ಮಾಸ್ಟರ್ ಕಲಾವಿದರ ಬಳಿಯೇ ಉಳಿಯುತ್ತದೆ, ಏನು ಯಾವಾಗ ಬರಬೇಕೆಂಬ ತೀರ್ಮಾನವೂ ಅವರದೇ. ಕಥೆಯನ್ನು ಸರಳ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶ ಇಲ್ಲಿದೆ. ಹ್ಯೂಮನ್ ರಿಸೋರ್ಸಸ್ ಅನ್ನು 2020ರಲ್ಲೇ ಸೋನಿ ತನ್ನ ವಿತರಣಾ ಕಂಪನಿಯಾದ ದಿ ಆರ್ಚರ್ಡ್ ಮೂಲಕ ಕೊಂಡುಕೊಂಡಿತ್ತು. ಅಂದರೆ ಯೂನಿವರ್ಸಲ್ ಮನೆಯಿಂದ ಹೊರಬಂದ ಸ್ವತಂತ್ರ ಕಲಾವಿದೆಯ ಹಾಡುಗಳು ಜಗತ್ತಿಗೆ ತಲುಪಿದ್ದು ಸೋನಿಯ ಒಡೆತನದ ಕೊಳವೆಯಲ್ಲಿ. ಇದರಿಂದ ರೇ ಅವರ ಸ್ವಾತಂತ್ರ್ಯ ಪೊಳ್ಳಾಗುವುದಿಲ್ಲ. ಒಡೆತನವೂ ತೀರ್ಮಾನವೂ ಕೈಯಲ್ಲಿರುವಾಗ ಕೊಳವೆ ಯಾರದು ಎಂಬುದು ಎರಡನೆಯ ಪ್ರಶ್ನೆ. ಆದರೆ ದೊಡ್ಡ ಕಂಪನಿಗಳು ಸ್ವತಂತ್ರ ಸಂಗೀತದಿಂದ ಸೋತಿವೆ ಎನ್ನುವವರು ಈ ಒಂದು ಸಂಗತಿಯನ್ನು ಎದುರಿಸಲೇಬೇಕು. ಒಡೆತನದ ಲಾಭ ಬಿಟ್ಟು ಸೇವೆಯ ಲಾಭಕ್ಕೆ ಅವು ಆಗಲೇ ಹೊಂದಿಕೊಂಡಿವೆ.

ಹಾಗೆಯೇ ‘ಸ್ವಂತ ನಿರ್ಮಾಣ’ ಎಂಬ ಮಾತನ್ನೂ ಅಳೆದು ಬಳಸಬೇಕು. ಆಲ್ಬಮ್‌ನ ಧ್ವನಿ ರೂಪುಗೊಂಡದ್ದು ಬಹುಮಟ್ಟಿಗೆ ರೇ ಮತ್ತು ಅಮೆರಿಕದ ಸಂಗೀತ ನಿರ್ಮಾಪಕ ಮೈಕ್ ಸಬಾತ್ ಅವರ ಜೊತೆಗಾರಿಕೆಯಲ್ಲಿ. ಕೆಲವು ಹಾಡುಗಳಿಗೆ ಬೇರೆ ನಿರ್ಮಾಪಕರೂ ಕೈ ಸೇರಿಸಿದ್ದಾರೆ. ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಬ್ಬರೇ ಎಲ್ಲ ಮಾಡಿದ ಆಲ್ಬಮ್ ಇದಲ್ಲ. ಆದರೆ ಯಾರೊಂದಿಗೆ ಕೆಲಸ ಮಾಡಬೇಕು, ಯಾವ ಹಾಡು ಉಳಿಯಬೇಕು, ಎಷ್ಟು ಉದ್ದವಿರಬೇಕು ಎಂಬ ಪ್ರತಿಯೊಂದು ಪ್ರಶ್ನೆಗೂ ಕೊನೆಯ ಉತ್ತರ ಹಾಡುವವರದೇ ಆಗಿತ್ತು.

ಇಷ್ಟಾದ ಮೇಲೆ ಹಾಡುಗಳ ಮಾತು. ಹದಿನೈದು ತುಣುಕುಗಳ ಈ ಆಲ್ಬಮ್ ಹಳೆಯ ಕಾಲದ ಕ್ಲಬ್ಬಿನ ವೇದಿಕೆಗೆ ಗಾಯಕಿಯನ್ನು ಕರೆಯುವ ನಿರೂಪಕನ ಮಾತಿನಿಂದ ಶುರುವಾಗಿ, ಕೃತಜ್ಞತೆಯ ಮಾತಿನಲ್ಲಿ ಮುಗಿಯುತ್ತದೆ. ನಡುವೆ ಒಂದು ಶೈಲಿಯಿಂದ ಇನ್ನೊಂದಕ್ಕೆ ಯಾವ ಸಂಕೋಚವೂ ಇಲ್ಲದೆ ದಾಟುತ್ತದೆ. ‘ಆಸ್ಕರ್ ವಿನ್ನಿಂಗ್ ಟಿಯರ್ಸ್’ ಗಂಟಲಿನ ಸಾಮರ್ಥ್ಯವನ್ನು ಮುಂದಿಟ್ಟು ಮೆರೆಯುವ ಹಾಡು. ‘ಹಾರ್ಡ್ ಔಟ್ ಹಿಯರ್’ ಲೇಬಲ್‌ನ ಅಧಿಕಾರಿಗಳ ಮೇಲಿನ ಸಿಟ್ಟನ್ನು ಹಿಪ್‌ಹಾಪ್‌ನ ಬಿರುಸಿನಲ್ಲಿ ಹೇಳುತ್ತದೆ. ‘ಬ್ಲ್ಯಾಕ್ ಮಸ್ಕಾರಾ’ ಅವರನ್ನು ಕಟ್ಟಿಹಾಕಿದ್ದ ನೃತ್ಯಗೀತೆಯ ರೂಪವನ್ನೇ ತೆಗೆದುಕೊಂಡು ಅದರೊಳಗೆ ವಿಷಾದವನ್ನು ತುಂಬುತ್ತದೆ. ‘ಮೇರಿ ಜೇನ್’ ವ್ಯಸನದ ಬಗ್ಗೆ, ‘ಬಾಡಿ ಡಿಸ್ಮಾರ್ಫಿಯಾ’ ತನ್ನದೇ ದೇಹದ ಮೇಲಿನ ಜುಗುಪ್ಸೆಯ ಬಗ್ಗೆ.

ಆಲ್ಬಮ್‌ನ ಹೃದಯ ಇರುವುದು, ನನ್ನ ಪ್ರಕಾರ, ‘ಐಸ್ ಕ್ರೀಮ್ ಮ್ಯಾನ್’ ಎಂಬ ಹಾಡಿನಲ್ಲಿ. ಸಂಗೀತೋದ್ಯಮದ ಒಳಗೇ ನಡೆದ ಲೈಂಗಿಕ ದೌರ್ಜನ್ಯ ಮತ್ತು ಅದರ ನಂತರದ ವರ್ಷಗಳ ಬಗ್ಗೆ ರೇ ಇಲ್ಲಿ ಹಾಡುತ್ತಾರೆ. ವಾದ್ಯಗಳ ಅಬ್ಬರವಿಲ್ಲ, ಬೇರೆ ಹಾಡುಗಳಲ್ಲಿ ಎತ್ತರಕ್ಕೆ ಹಾರುವ ಗಂಟಲು ಇಲ್ಲಿ ತನ್ನನ್ನು ತಾನೇ ಹಿಡಿದಿಟ್ಟುಕೊಂಡಿದೆ. ತನಗೆ ಆದದ್ದನ್ನು ಕನಿಕರಕ್ಕಾಗಿ ಒಡ್ಡದೆ, ತಾನು ಇನ್ನೂ ಇಲ್ಲಿದ್ದೇನೆ ಎಂಬ ನಿಲುವಿನಲ್ಲಿ ಹೇಳುವ ಆ ಸಂಯಮ ಸುಲಭದ್ದಲ್ಲ. ನೃತ್ಯಗೀತೆಗಳ ಯಶಸ್ಸಿನ ಮೇಲೆ ಕಟ್ಟಿದ ಗಾಯಕಿಯ ಚಿತ್ರದಲ್ಲಿ ಇಂಥ ಹಾಡಿಗೆ ಜಾಗ ಹುಡುಕುವುದು ಯಾವ ಮಾರಾಟ ವಿಭಾಗಕ್ಕೂ ಕಷ್ಟವಾಗುತ್ತಿತ್ತು ಎಂದು ಊಹಿಸಬಹುದು. ಎಲ್ಲ ಹಾಡುಗಳೂ ಈ ಮಟ್ಟದಲ್ಲಿಲ್ಲ. ‘ಎನ್ವಿರಾನ್ಮೆಂಟಲ್ ಆ್ಯಂಗ್ಸೈಟಿ’ ಹವಾಮಾನ ಬದಲಾವಣೆಯ ಕುರಿತ ಆತಂಕವನ್ನು ಭಾಷಣದ ಹತ್ತಿರಕ್ಕೆ ತರುತ್ತದೆ, ‘ಫೈವ್ ಸ್ಟಾರ್ ಹೋಟೆಲ್ಸ್’ ಈ ಸಾಲಿನಲ್ಲಿ ಸಾಧಾರಣವಾಗಿ ಕೇಳಿಸುತ್ತದೆ. ಒಬ್ಬ ಗಟ್ಟಿ ಸಂಪಾದಕರಿದ್ದಿದ್ದರೆ ಒಂದೆರಡು ಹಾಡು ಕಡಿಮೆಯಾಗುತ್ತಿತ್ತು. ಏಳು ವರ್ಷ ತಡೆಹಿಡಿಸಿಕೊಂಡವರು ಬಾಗಿಲು ತೆರೆದ ದಿನವೇ ಎಲ್ಲವನ್ನೂ ಹೇಳಿಬಿಡುವ ಆತುರ ಈ ಆಲ್ಬಮ್‌ನಲ್ಲಿ ಇದೆ. ಅದು ಇದರ ದೋಷ ಹೌದು, ಇದಕ್ಕೆ ಬಿಸಿ ಕೊಟ್ಟಿರುವುದೂ ಅದೇ.

ಸ್ವಾಗತದ ವಿಷಯಕ್ಕೆ ಬಂದರೆ, ಮೊದಲು ಬಂದದ್ದು ಕೇಳುಗರ ತೀರ್ಪು. ವಿಮರ್ಶಕರದೂ ಪ್ರಶಸ್ತಿ ಸಮಿತಿಗಳದೂ ನಂತರ. ಆಲ್ಬಮ್‌ಗೆ ಮೊದಲೇ, 2022ರ ಅಕ್ಟೋಬರ್ 12ರಂದು, ಅಮೆರಿಕದ ರ‍್ಯಾಪ್ ಗಾಯಕಿ 070 ಶೇಕ್ ಜೊತೆಗಿನ ‘ಎಸ್ಕೇಪಿಸಂ’ ಬಿಡುಗಡೆಯಾಗಿತ್ತು. ರೇಡಿಯೋ ನಿಯಮಗಳ ಕಣ್ಣಿನಿಂದ ನೋಡಿದರೆ ಅದು ಮಾಡಬಾರದ್ದನ್ನೆಲ್ಲ ಮಾಡಿದ ಹಾಡು: ನಾಲ್ಕೂವರೆ ನಿಮಿಷದ ಉದ್ದ, ಕುಡಿತ ಮತ್ತು ಒಂದು ರಾತ್ರಿಯ ಸಂಬಂಧದ ಬಗ್ಗೆ ಮುಚ್ಚುಮರೆಯಿಲ್ಲದ ಸಾಲುಗಳು, ಕೊನೆಯ ಹೊತ್ತಿಗೆ ನಿಧಾನವಾಗಿ ಕುಸಿಯುವ ಲಯ. ಟಿಕ್‌ಟಾಕ್‌ನಲ್ಲಿ ಕೇಳುಗರು ಅದನ್ನು ವೇಗ ಹೆಚ್ಚಿಸಿ ಹಂಚಿದರು, ಹಾಡು ಹಬ್ಬಿತು, 2023ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ರೇ ಅವರ ವೃತ್ತಿಯಲ್ಲಿ ಅದು ಮೊದಲ ನಂಬರ್ ಒನ್. ಭಾರತದಲ್ಲಿ ಟಿಕ್‌ಟಾಕ್ 2020ರಿಂದಲೇ ನಿಷೇಧದಲ್ಲಿರುವುದರಿಂದ ಆ ಅಲೆಯ ಮೂಲ ನಮ್ಮಲ್ಲಿ ನೇರವಾಗಿ ಕಾಣಲಿಲ್ಲ. ಮರುತಿಂಗಳು ಬಂದ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೆಯ ಸ್ಥಾನ ಪಡೆಯಿತು. ಮೊದಲ ಸ್ಥಾನದಲ್ಲಿದ್ದದ್ದು ಶನಾಯ ಟ್ವೇನ್ ಅವರ ಹೊಸ ಆಲ್ಬಮ್.

ಒಂದು ಹಾಡಿನ ಈ ಓಟವನ್ನು ಸ್ವತಂತ್ರ ಮಾರ್ಗದ ಪುರಾವೆಯಾಗಿ ತೋರಿಸುವವರಿದ್ದಾರೆ. ಭಾಗಶಃ ಒಪ್ಪಬಹುದು: ಅನುಮತಿ ಕೊಡುವ ಕೋಣೆಯಲ್ಲಿ ಆ ಹಾಡು ಈ ರೂಪದಲ್ಲಿ ಪಾಸಾಗುತ್ತಿರಲಿಲ್ಲ ಎಂಬುದು ಬಹುಶಃ ನಿಜ. ಆದರೆ ಅಲೆ ಎಲ್ಲಿ ಏಳುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಮೇಲೆ ಹೇಳಿದ ಸ್ಪರ್ಧಾ ಪ್ರಾಧಿಕಾರದ ಅಧ್ಯಯನವೇ, ಒಟ್ಟು ಸ್ಟ್ರೀಮ್‌ಗಳಲ್ಲಿ ಶೇ. 60ಕ್ಕೂ ಹೆಚ್ಚು ಹೋಗುವುದು ಮೇಲಿನ ಶೇ. 0.4ರಷ್ಟು ಕಲಾವಿದರ ಹಾಡುಗಳಿಗೆ ಎಂದು ಕಂಡುಕೊಂಡಿತ್ತು; ತಿಂಗಳಿಗೆ ಹತ್ತು ಲಕ್ಷ ಸ್ಟ್ರೀಮ್ ಪಡೆಯುವ ಕಲಾವಿದರ ವರ್ಷದ ಗಳಿಕೆ ಸುಮಾರು 12,000 ಪೌಂಡ್ ಎಂದು ಅಂದಾಜಿಸಿತ್ತು. ಬ್ರಿಟನ್ನಿನಲ್ಲಿ ಆ ಹಣದಲ್ಲಿ ಒಬ್ಬರ ಬದುಕು ನಡೆಯುವುದು ಕಷ್ಟ, ಸ್ಟುಡಿಯೋ ಬಾಡಿಗೆಯಂತೂ ದೂರದ ಮಾತು. ಮಾಸ್ಟರ್ ನಿಮ್ಮದೇ ಆಗಿದ್ದರೂ ಅದರಿಂದ ಬರುವುದು ಏನೂ ಇಲ್ಲದಿದ್ದರೆ, ಏನೂ ಇಲ್ಲದ್ದರ ನೂರಕ್ಕೆ ನೂರು ಪಾಲು ನಿಮ್ಮದು, ಅಷ್ಟೇ. ರೇ ಹೊರಬಂದಾಗ ಅವರ ಬಳಿ ಹಿಟ್ ಹಾಡುಗಳ ಹೆಸರಿತ್ತು, ಬೇರೆಯವರಿಗೆ ಬರೆದ ಹಾಡುಗಳ ರಚನಾ ಹಕ್ಕುಗಳಿದ್ದವು, ಸ್ಟುಡಿಯೋಗಳಲ್ಲಿ ಕಳೆದ ವರ್ಷಗಳ ಪರಿಚಯವಿತ್ತು. ಮೊದಲ ದಿನದಿಂದಲೇ ಸ್ವತಂತ್ರವಾಗಿ ಶುರುಮಾಡುವ ಇಪ್ಪತ್ತರ ಹುಡುಗಿಗೆ ಇವು ಯಾವುವೂ ಇರುವುದಿಲ್ಲ.

ವಿಮರ್ಶೆಗಳು ಒಟ್ಟಾರೆ ಆದರದಿಂದಲೇ ಇದ್ದವು. ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ 2023ರ ಅಂತಿಮ ಪಟ್ಟಿಯನ್ನು ಆಲ್ಬಮ್ ಸೇರಿತು. ಪ್ರಶಸ್ತಿ ಎಜ್ರಾ ಕಲೆಕ್ಟಿವ್ ಎಂಬ ಜಾಝ್ ತಂಡಕ್ಕೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಹೆರಿಟೇಜ್ ಆರ್ಕೆಸ್ಟ್ರಾ ಜೊತೆಗೂಡಿ ಇಡೀ ಆಲ್ಬಮ್ ಹಾಡಿ, ಅದನ್ನೇ ಪ್ರತ್ಯೇಕ ಧ್ವನಿಮುದ್ರಿಕೆಯಾಗಿ ರೇ ಹೊರತಂದರು. ನೃತ್ಯಗೀತೆಯ ಹುಡುಗಿ ಎಂಬ ಹಣೆಪಟ್ಟಿ ಕಳಚಿದ್ದು, ನನಗೆ ತೋರುವಂತೆ, ಪ್ರಶಸ್ತಿಗಳಿಗಿಂತ ಮೊದಲು ಆ ವೇದಿಕೆಯಲ್ಲಿ.

ಬ್ರಿಟ್ ಪ್ರಶಸ್ತಿಯ ರಾತ್ರಿ, 2024ರ ಮಾರ್ಚ್ 2ರಂದು, ಏಳು ನಾಮನಿರ್ದೇಶನಗಳಲ್ಲಿ ಆರನ್ನು ಅವರು ಗೆದ್ದರು: ವರ್ಷದ ಆಲ್ಬಮ್, ವರ್ಷದ ಕಲಾವಿದೆ, ವರ್ಷದ ಹಾಡು, ಹೊಸ ಕಲಾವಿದೆ, ಆರ್ ಆ್ಯಂಡ್ ಬಿ ಕಲಾವಿದೆ ಮತ್ತು ವರ್ಷದ ಗೀತರಚನೆಕಾರ್ತಿ. ಒಂದೇ ರಾತ್ರಿ ನಾಲ್ಕು ಗೆದ್ದ ಬ್ಲರ್, ಅಡೆಲ್ ಮತ್ತು ಹ್ಯಾರಿ ಸ್ಟೈಲ್ಸ್ ಅವರ ದಾಖಲೆ ಮುರಿಯಿತು. ಗೀತರಚನೆಯ ವಿಭಾಗದಲ್ಲಿ ಗೆದ್ದ ಮೊದಲ ಮಹಿಳೆಯೂ ಅವರೇ, ಆ ವಿಭಾಗ ಶುರುವಾದದ್ದು 2022ರಲ್ಲಷ್ಟೇ ಆದರೂ. ಈ ಪ್ರಶಸ್ತಿಗಳನ್ನು ನಡೆಸುವುದು ಬಿಪಿಐ, ಅಂದರೆ ಬ್ರಿಟನ್ನಿನ ಧ್ವನಿಮುದ್ರಣ ಕಂಪನಿಗಳದೇ ಒಕ್ಕೂಟ. ಮತ ಹಾಕುವವರು ಬಹುಪಾಲು ಉದ್ಯಮದವರು. ತಡೆದು ನಿಲ್ಲಿಸಿದ್ದ ವ್ಯವಸ್ಥೆಯೇ ಆರು ಸಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇದನ್ನು ಪಶ್ಚಾತ್ತಾಪ ಎನ್ನಬಹುದು. ವ್ಯವಸ್ಥೆ ತನ್ನ ವಿರುದ್ಧದ ದೂರನ್ನೂ ಒಂದು ಸುಂದರ ಕಥೆಯಾಗಿ ಮಾಡಿ ನುಂಗಿಕೊಳ್ಳುವ ಬಗೆ ಎಂದೂ ಓದಬಹುದು. ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ರೇ ಅವರ ಹೋರಾಟ ವಿಜಯಗಾಥೆಯಾದ ಕೂಡಲೇ, ಅಂಥದೇ ಕರಾರಿನಲ್ಲಿ ಸಿಕ್ಕಿಕೊಂಡು ಹೊರಬರಲಾಗದವರ ಮಾತು ಸಭೆಯಿಂದ ಮರೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ವಿಮರ್ಶೆಯದು: ಕಥೆ ಇಷ್ಟು ಬಲವಾಗಿರುವಾಗ ಹಾಡುಗಳನ್ನು ಹಾಡುಗಳಾಗಿ ಕೇಳುವುದು ಕಷ್ಟವಾಗುತ್ತದೆ, ಆಲ್ಬಮ್‌ನ ಏರುಪೇರುಗಳನ್ನು ಹೇಳುವುದು ಕಲಾವಿದೆಗೆ ಮಾಡುವ ಅನ್ಯಾಯದಂತೆ ಕೇಳಿಸತೊಡಗುತ್ತದೆ.

ರೇ ಅವರು ಮಾತ್ರ ಆ ವಿಜಯಗಾಥೆಯ ಮೇಲೆ ವಿಶ್ರಾಂತಿ ತೆಗೆದುಕೊಳ್ಳಲಿಲ್ಲ ಎಂಬುದನ್ನು ಹೇಳಲೇಬೇಕು. ಗೀತರಚನೆಯ ಪ್ರಶಸ್ತಿ ಪಡೆದಾಗ, ಹಾಡು ಬರೆಯುವವರಿಗೂ ಮಾಸ್ಟರ್ ಆದಾಯದಲ್ಲಿ ಪಾಲು ಕೊಡಿ ಎಂದು ಕಂಪನಿಗಳನ್ನು ಉದ್ದೇಶಿಸಿ ಕೇಳಿದರು. ಹಾಡದೆ ಕೇವಲ ಬರೆಯುವವರ ಸ್ಥಿತಿ ಗಾಯಕರಿಗಿಂತ ಕಷ್ಟದ್ದು: ಸ್ಟುಡಿಯೋಗೆ ಹೋಗಿ ದಿನವಿಡೀ ಬರೆದರೂ ಆ ದಿನದ ಕೂಲಿ ಇಲ್ಲ, ಹಾಡು ಬಿಡುಗಡೆಯಾಗದಿದ್ದರೆ ಏನೂ ಇಲ್ಲ, ಬಿಡುಗಡೆಯಾದರೂ ದೊಡ್ಡ ಪಾಲು ಮಾಸ್ಟರ್‌ನ ಕಡೆಗೆ.

ಕನ್ನಡದ ಓದುಗರಿಗೆ ಈ ಪ್ರಶ್ನೆಗಳು ದೂರದವಲ್ಲ. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂದದ್ದು ದೊಡ್ಡ ಆಡಿಯೋ ಕಂಪನಿಯಿಂದಲ್ಲ, ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ ಶುರುಮಾಡಿದ ಪುಟ್ಟ ಲೇಬಲ್‌ನಿಂದ. ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರು–ಡ್ರಮ್ಮಿನ ಜೊತೆ ಹಾಡಿದ ಆ ಆಲ್ಬಮ್ ಬ್ರಿಟನ್ನಿನ ವೇದಿಕೆಗಳನ್ನು ತಲುಪಿತು, 2011ರಲ್ಲಿ ಅಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಅಷ್ಟರಲ್ಲಿ ಅವರೂ ವರ್ಷಗಟ್ಟಲೆ ಹಾಡಿದ್ದವರೇ. ಆದರೂ ನಮ್ಮಲ್ಲಿ ಕೇಳುಗರ ಬಹುಪಾಲು ಗಮನ ಇನ್ನೂ ಸಿನಿಮಾ ಹಾಡಿನ ಮೇಲೆಯೇ ಇದೆ. ಚಿತ್ರದ ಹಾಡುಗಳ ಹಕ್ಕು ಒಂದೇ ಗಂಟಿನಲ್ಲಿ ನಿರ್ಮಾಪಕರಿಂದ ಆಡಿಯೋ ಕಂಪನಿಗೆ ಹೋಗುತ್ತದೆ.

ಕಾನೂನು ಮಾತ್ರ ಒಂದು ವಿಷಯದಲ್ಲಿ ನಮ್ಮಲ್ಲಿ ಸ್ಪಷ್ಟವಾಗಿದೆ. ಭಾರತದ ಕೃತಿಸ್ವಾಮ್ಯ ಕಾಯ್ದೆಯ 19(4)ನೇ ಕಲಮಿನ ಪ್ರಕಾರ, ಹಕ್ಕನ್ನು ಬರೆಸಿಕೊಂಡವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ವರ್ಗಾವಣೆ ತಾನಾಗಿಯೇ ಬಿದ್ದುಹೋಗುತ್ತದೆ. ಹಾಡನ್ನು ಕೊಂಡು ಕಪಾಟಿನಲ್ಲಿಡಬೇಡಿ, ಇಡುವುದಾದರೆ ವಾಪಸು ಕೊಡಿ ಎಂಬುದು ಅದರ ತಾತ್ಪರ್ಯ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಗಿ, ಗೀತರಚನೆಕಾರರೂ ಸಂಗೀತ ನಿರ್ದೇಶಕರೂ ಸಿನಿಮಾಮಂದಿರದ ಹೊರಗಿನ ಬಳಕೆಯಿಂದ ಬರುವ ರಾಯಲ್ಟಿಯನ್ನು ಬರೆದುಕೊಟ್ಟರೂ ಕಳೆದುಕೊಳ್ಳುವಂತಿಲ್ಲ ಎಂದು ಹೇಳಿತು. ಎರಡನೆಯದು ಗಟ್ಟಿಯಾದ ರಕ್ಷಣೆ. ಮೊದಲನೆಯದಕ್ಕೆ ಒಂದು ಬಾಲವಿದೆ: ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಮಾತ್ರ. ಕರಾರು ಬರೆಯುವುದು ಯಾರು, ಸಹಿ ಮಾತ್ರ ಹಾಕುವುದು ಯಾರು ಎಂದು ಗೊತ್ತಿರುವವರಿಗೆ ಆ ಬಾಲದ ಉದ್ದ ಎಷ್ಟೆಂದು ವಿವರಿಸಬೇಕಾಗಿಲ್ಲ.

ಬ್ರಿಟನ್ನಿನಲ್ಲಿ 2025ರ ಜುಲೈನಲ್ಲಿ, ಸರ್ಕಾರದ ಮಧ್ಯಸ್ಥಿಕೆಯಲ್ಲಿ ದೊಡ್ಡ ಲೇಬಲ್‌ಗಳು ಕೆಲವು ತತ್ವಗಳಿಗೆ ಸ್ವಯಂಪ್ರೇರಿತವಾಗಿ ಒಪ್ಪಿದವು. ಲೇಬಲ್‌ಗಳು ಏರ್ಪಡಿಸುವ ಬರವಣಿಗೆಯ ದಿನಗಳಿಗೆ ಗೀತರಚನೆಕಾರರಿಗೆ 75 ಪೌಂಡ್ ದಿನಭತ್ಯೆ, ಹಳೆಯ ಕರಾರುಗಳನ್ನು ಮತ್ತೆ ಮಾತಾಡಿಕೊಳ್ಳಲು ಅವಕಾಶ, ವಾದ್ಯಗಾರರ ಸಂಭಾವನೆಯಲ್ಲಿ ಏರಿಕೆ ಎಂಬವು ಅದರಲ್ಲಿವೆ. ಆ ಭತ್ಯೆಗಾಗಿ ದನಿ ಎತ್ತಿದವರಲ್ಲಿ ರೇ ಮುಂದಿನ ಸಾಲಿನಲ್ಲಿದ್ದರು, ಬಂದಾಗ ಸ್ವಾಗತಿಸಿದರು. ಆ ತತ್ವಗಳ ಗಮನವೆಲ್ಲ ಮುಖ್ಯವಾಗಿ ಹಣದ ಮೇಲಿದೆ. ಆದರೆ 2021ರಲ್ಲಿ ಅವರು ಎತ್ತಿದ್ದ ಮೂಲ ದೂರು ಹಣದ್ದಲ್ಲ, ಮುಗಿದ ಹಾಡೊಂದನ್ನು ಕಂಪನಿ ಎಷ್ಟು ಕಾಲ ಹೊರಬಿಡದೆ ಇಟ್ಟುಕೊಳ್ಳಬಹುದು ಎಂಬುದಾಗಿತ್ತು. ದಿನಭತ್ಯೆ ಪಡೆದು ಬರೆದ ಹಾಡೂ ಫೋಲ್ಡರ್‌ನಲ್ಲೇ ಉಳಿಯಬಹುದು. ಇಂದು 17ರ ಹರೆಯದಲ್ಲಿ ಸಹಿ ಹಾಕುವವರು ಕರಾರಿನಲ್ಲಿ ಬಿಡುಗಡೆಯ ಗಡುವನ್ನು ತಾವೇ ಕೇಳಿ ಬರೆಸಿಕೊಳ್ಳಬೇಕು, ಮತ್ತು ಆ ವಯಸ್ಸಿನಲ್ಲಿ ಹಾಗೆ ಕೇಳುವ ಬಲ ಇರುವವರು ಕಡಿಮೆ.